ಮೇಲಿನ ಕಾಡಿಗೆ ನಲವತ್ತು ಇಟ್ಟಿಗೆ

ಜನವರಿ 9

ಗಂಟಲಿನ ಡಾಕ್ಟರು ಹೇಳಿದ್ದಕ್ಕೆ ಈ ನೋಟುಬುಕ್ಕು. ಯಾವ ರುಚಿ ತಿಳಿಯಿತು, ಎಷ್ಟು ತಿಳಿಯಿತು ಎಂದು ದಿನವೂ ಬರೆಯಬೇಕಂತೆ. ಡಿಸೆಂಬರಿನ ಜ್ವರ ಹೋಗುವಾಗ ನನ್ನ ನಾಲಿಗೆಯ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಗಿದೆ. "ಬರಬಹುದು, ಬರದೆಯೂ ಇರಬಹುದು" ಎಂದರು. ಅಷ್ಟು ಹೇಳುವುದಕ್ಕೆ ನನಗೂ ಬರುತ್ತಿತ್ತು.

ಬೇರೆಯವರಿಗಾದರೆ ಊಟ ಸಪ್ಪೆ, ಅಷ್ಟೇ. ನನಗೆ ಕೈಯೇ ಬಿದ್ದುಹೋದ ಹಾಗೆ. ಪಶು ಆಹಾರದ ಮಿಲ್ಲಿನಲ್ಲಿ, ಮಿಶ್ರಣದ ಕೋಣೆಯಲ್ಲಿ, ಮೂವತ್ತೊಂದು ವರ್ಷ. ಹಸುಗಳು ನೆಕ್ಕುವ ಖನಿಜದ ಇಟ್ಟಿಗೆ, ಕುರಿಯದು, ಕುದುರೆಯದು, ಎಲ್ಲದರ ಹದ ನೋಡುವವನು ನಾನು. ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗೆ ಸೋಕಿಸಿ ಉಗುಳಿದರೆ ಸಾಕು, ಉಪ್ಪು ಹೆಚ್ಚಾಯಿತೋ ಸುಣ್ಣ ಕಡಿಮೆಯಾಯಿತೋ ಹೇಳುತ್ತೇನೆ. ಹಿಂದೆ ಒಮ್ಮೆ ಪ್ರಯೋಗಾಲಯದ ವರದಿ ಒಂದು ಹೇಳಿತು, ನಾನು ಇನ್ನೊಂದು ಹೇಳಿದೆ. ವಾರದ ನಂತರ ಗೊತ್ತಾಯಿತು, ಕೆಟ್ಟಿದ್ದು ಅವರ ಯಂತ್ರ. ಅವತ್ತಿನಿಂದ ಮಿಲ್ಲಿನಲ್ಲಿ ನನಗೆ 'ನಾಲಿಗೆ ಮೇಸ್ತ್ರಿ' ಎಂದೇ ಹೆಸರು. ಹೊಸದಾಗಿ ಸೇರಿದವರಿಗೆ ನನ್ನ ನಿಜವಾದ ಹೆಸರೇ ಗೊತ್ತಿರುವುದಿಲ್ಲ.

ಯಾರಿಗೂ ಹೇಳಿಲ್ಲ. ಹೆಂಡತಿಗೂ.

ರುಚಿ: ಇಲ್ಲ.

ಜನವರಿ 17

ಇವತ್ತು ಮಿಲ್ಲಿಗೆ ಕಾಡುಪ್ರಾಣಿಗಳ ಡಾಕ್ಟರಮ್ಮ ಬಂದಿದ್ದರು. ಮೊಣಕಾಲಿನವರೆಗೆ ಬೂಟು, ಬೂಟಿನ ತುಂಬ ಕೆಸರು. ಯಜಮಾನರ ಕೋಣೆಯ ಜಮಖಾನೆಯ ಮೇಲೆ ಹಾಗೇ ನಡೆದುಹೋದರು. ನಾವು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವವರು ಬಾಯಿ ಬಿಟ್ಟುಕೊಂಡು ನೋಡಿದೆವು. ಯಜಮಾನರು ಕುರ್ಚಿ ಎಳೆದು ಕೊಟ್ಟರು.

ಅವರು ಹೇಳಿದ್ದು ಇದು. ಮೇಲಿನ ಕಾಡಿನ ಜಿಂಕೆಗಳು ಕಾಲಕಾಲದಿಂದ ಆಚೆ ಗುಡ್ಡದ ಉಪ್ಪುಮಣ್ಣು ನೆಕ್ಕಲು ಹೋಗಿಬರುತ್ತಿದ್ದವು. ಮೂರು ವರ್ಷದ ಹಿಂದೆ ನಡುವೆ ದೊಡ್ಡ ರಸ್ತೆ ಬಂತು. ದಾಟಲು ಹೋದವು ಲಾರಿಗಳಿಗೆ ಸಿಕ್ಕವು, ಕಳೆದ ವರ್ಷ ಒಂದರಲ್ಲೇ ಹತ್ತೊಂಬತ್ತು. ಹೆದರಿ ಈಚೆಯೇ ಉಳಿದ ಜಿಂಕೆಗಳು ಹಾಕಿದ ಮರಿಗಳಿಗೆ ಹಿಂಗಾಲು ನಿಲ್ಲುತ್ತಿಲ್ಲ. ಕಂಡ ಇಪ್ಪತ್ತಮೂರು ಮರಿಗಳಲ್ಲಿ ಹದಿನಾಲ್ಕಕ್ಕೆ ಹೀಗಾಗಿದೆ. ರಸ್ತೆಯ ಕೆಳಗೆ ಪ್ರಾಣಿಗಳಿಗೆ ದಾರಿ ಕೊರೆಯುತ್ತಿದ್ದಾರೆ, ಮುಗಿಯಲು ಇನ್ನೂ ಎರಡು ವರ್ಷ ಬೇಕು. ಅಲ್ಲಿಯವರೆಗೆ ಈಚೆ ಬದಿಯಲ್ಲೇ ಅವಕ್ಕೆ ಬೇಕಾದ ಖನಿಜ ಸಿಗಬೇಕು.

ಫೋನಿನಲ್ಲಿ ಒಂದು ಮರಿಯನ್ನು ತೋರಿಸಿದರು. ಏಳುತ್ತದೆ, ಹಿಂಭಾಗ ಕುಡಿದವನ ಹಾಗೆ ವಾಲುತ್ತದೆ, ಕುಸಿಯುತ್ತದೆ. ತಾಯಿ ಮೂತಿ ಕೊಟ್ಟು ಎತ್ತುತ್ತದೆ. ಮತ್ತೆ ಏಳುತ್ತದೆ, ಕುಸಿಯುತ್ತದೆ. ಎಂಟು ಸಲ ಎಣಿಸಿ ಫೋನು ವಾಪಸು ಕೊಟ್ಟೆ.

"ನಮ್ಮ ಕುರಿ ಇಟ್ಟಿಗೆ ತಗೊಂಡು ಹೋಗಿ ಡಾಕ್ಟ್ರೇ. ಇದಕ್ಕಿಂತ ಒಳ್ಳೇದು ಎಲ್ಲೂ ಸಿಗಲ್ಲ" ಎಂದೆ.

"ಕುರಿ ಇಟ್ಟಿಗೇಲಿ ತಾಮ್ರ ಹಾಕಲ್ಲ, ಅಲ್ವಾ ಮೇಸ್ತ್ರಿ?"

"ಹಾಕಲ್ಲ. ಕುರಿಗೆ ಅದು ಆಗಿಬರಲ್ಲ."

"ಈ ಜಿಂಕೆಗಳಿಗೆ ಕಮ್ಮಿ ಆಗಿರೋದೇ ಅದು. ಸತ್ತ ಮರಿಗಳ ಪಿತ್ತಜನಕಾಂಗ ಪರೀಕ್ಷೆ ಮಾಡಿಸಿದೀವಿ. ತಾಮ್ರ ಇಲ್ಲವೇ ಇಲ್ಲ ಅನ್ನೋ ಹಾಗಿದೆ."

ಮೂವತ್ತೊಂದು ವರ್ಷದಲ್ಲಿ ಯಾರೂ ನನ್ನ ಮುಖಕ್ಕೇ ಹೀಗೆ ಹೇಳಿರಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು, ಅದೇ ಇನ್ನೂ ಬೇಜಾರು.

ಒಂದು ಕಾಗದ ಕೊಟ್ಟರು. ತಲಾ ಐದು ಕಿಲೋದ ನಲವತ್ತು ಇಟ್ಟಿಗೆ, ಒಟ್ಟು ಇನ್ನೂರು ಕಿಲೋ ಮಿಶ್ರಣ. ಅದರಲ್ಲಿ ಮೈಲುತುತ್ತ, ಅಂದರೆ ತಾಮ್ರ ಇರುವ ಆ ನೀಲಿ ಹರಳು, ಒಂದು ಕಿಲೋ ಇನ್ನೂರು ಗ್ರಾಂ. "ಕಮ್ಮಿ ಆದ್ರೆ ಉಪಯೋಗ ಇಲ್ಲ, ಜಾಸ್ತಿ ಆದ್ರೆ ವಿಷ" ಎಂದು ಎರಡೆರಡು ಸಲ ಹೇಳಿದರು. ತಾಯಿ ಜಿಂಕೆಗಳು ಗಬ್ಬವಾಗಿವೆ. ಜೂನಿನಲ್ಲಿ ಮರಿ ಹಾಕುತ್ತವೆ, ಕೊನೆಯ ತಿಂಗಳುಗಳೇ ಮುಖ್ಯ. ಫೆಬ್ರವರಿಯಲ್ಲಿ ಇಟ್ಟಿಗೆ ಕಾಡು ಸೇರಬೇಕು.

ಯಜಮಾನರು ನನ್ನ ಮುಖ ನೋಡಿದರು. "ಆಗುತ್ತಾ?"

"ಆಗದೇ ಏನು!" ಎಂದೆ. ಅದೂ ಗಟ್ಟಿಯಾಗಿ.

ರುಚಿ: ಇಲ್ಲ. ನಿಂಬೆಹಣ್ಣು ಕಚ್ಚಿ ನೋಡಿದೆ. ಹಲ್ಲು ಜುಮ್ಮೆಂದಿತು, ನಾಲಿಗೆ ಸುಮ್ಮನಿತ್ತು.

ಜನವರಿ 24

ಸಿಕ್ಕಿಬಿದ್ದೆ.

ಮಧ್ಯಾಹ್ನ ಆಲೂಗಡ್ಡೆ ಬೇಯಿಸಿ ಬಡಿಸಿದಳು. ತಿಂದು, ಎಂದಿನಂತೆ "ಚೆನ್ನಾಗಿದೆ" ಎಂದೆ. ಅವಳು ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದು ಎದುರಿಗೆ ಕೂತಳು.

"ಮೂರು ದಿನದಿಂದ ನಾನು ಯಾವುದಕ್ಕೂ ಉಪ್ಪು ಹಾಕಿಲ್ಲ."

ನಾನು ನೀರು ಕುಡಿದೆ.

"ಹೋದ ವಾರ ಹಾಲಿಗೆ ಸಕ್ಕರೆ ಬದಲು ಉಪ್ಪು ಹಾಕಿ ಕೊಟ್ಟೆ. ಅದನ್ನೂ ಚೆನ್ನಾಗಿದೆ ಅಂದ್ರಿ. ಮೂವತ್ತು ವರ್ಷದಿಂದ ನನ್ನ ಅಡುಗೇಲಿ ಹುಳುಕು ಹುಡುಕ್ತಿದ್ದವರು ಒಂದೂವರೆ ತಿಂಗಳಿಂದ ಹೊಗಳೋದೇ ಹೊಗಳೋದು. ನನಗೆ ಗಾಬರಿಯಾಗೋಯ್ತು."

ಹೇಳಿದೆ. ಎಲ್ಲ ಹೇಳಿದೆ. ಹೇಳಿದ ಮೇಲೆ ಅವಳು ಬೈಯಲಿಲ್ಲ, ಅಳಲೂ ಇಲ್ಲ. ನನ್ನ ತಟ್ಟೆ ಎಳೆದುಕೊಂಡು ಉಪ್ಪು ಉದುರಿಸಿ, ಉಳಿದಿದ್ದನ್ನು ಅವಳೇ ತಿಂದಳು.

"ಮಿಲ್ಲಲ್ಲಿ ಹೇಳಿಬಿಡಿ."

"ಜಿಂಕೆ ಇಟ್ಟಿಗೆ ಮುಗಿದ ಮೇಲೆ ಹೇಳ್ತೀನಿ."

"ಈಗಲೇ ಹೇಳಿ ಅಂದೆ."

"ಈಗ ಹೇಳಿದ್ರೆ ಆ ಕೆಲಸ ಬೇರೆಯವರ ಪಾಲಾಗುತ್ತೆ ಕಣೇ. ಮೂವತ್ತೊಂದು ವರ್ಷದ ಕೈ ಇದೆ, ಅಂದಾಜು ಇದೆ. ನಾಲಿಗೆ ಇಲ್ದಿದ್ರೇನು?"

ಅವಳು ಹೊಲಿಗೆ ಯಂತ್ರದ ಹತ್ತಿರ ವಾಪಸು ಹೋದಳು. ಸಂಜೆಯವರೆಗೂ ಆ ಯಂತ್ರ ನನ್ನ ಮೇಲೆಯೇ ಓಡಿದ ಹಾಗಿತ್ತು.

ರುಚಿ: ಇಲ್ಲ.

ಜನವರಿ 30

ಇಟ್ಟಿಗೆ ಗಟ್ಟಿ ನಿಲ್ಲುತ್ತಿಲ್ಲ. ಕೊಟ್ಟಿಗೆಯಲ್ಲಿಡುವ ಇಟ್ಟಿಗೆಗೆ ಮಳೆ ಮಂಜಿನ ಚಿಂತೆಯಿಲ್ಲ, ಇದು ಬಯಲಿನಲ್ಲಿ ಕೂರಬೇಕಾದ್ದು. ಕಾಕಂಬಿ ಹಾಕಿದರೆ ಅಂಟು ಬರುತ್ತದೆ, ಆದರೆ ಸಿಹಿಯ ವಾಸನೆಗೆ ಹಂದಿ, ಇರುವೆ ಎಲ್ಲ ಬರುತ್ತವೆ, ಬೇಡ ಎಂದಿದ್ದಾರೆ ಡಾಕ್ಟರಮ್ಮ. ಜೇಡಿಮಣ್ಣಿನ ಪಾಲು ಹೆಚ್ಚಿಸಿ, ಒತ್ತುವ ಯಂತ್ರವನ್ನು ಇನ್ನೆರಡು ಸುತ್ತು ಬಿಗಿ ಮಾಡಿದೆ. ಆರನೆಯ ಅಚ್ಚು ಸರಿ ಬಂತು. ಒಂದು ಇಡೀ ದಿನ ನಲ್ಲಿಯ ಕೆಳಗಿಟ್ಟೆ, ಅಂಚು ಮಾತ್ರ ಸವೆಯಿತು. ಎದೆಯ ಎತ್ತರದಿಂದ ಕೆಳಗೆ ಬಿಟ್ಟೆ, ನೆಲದ ಸಿಮೆಂಟೇ ಚಕ್ಕೆ ಎದ್ದಿತು. ಇದನ್ನು ಮಾಡಲು ನಾಲಿಗೆ ಬೇಕಾಗಲಿಲ್ಲ. ಯಾರಿಗಾದರೂ ತೋರಿಸಬೇಕೆನಿಸಿ, ಉಗ್ರಾಣದ ತೂಕದಾಕೆಯನ್ನು ಕರೆದು ತೋರಿಸಿದೆ.

ಅವಳು ಹನ್ನೊಂದು ವರ್ಷದಿಂದ ಉಗ್ರಾಣದ ತಕ್ಕಡಿಯ ಮುಂದೆ ಕೂತವಳು. ಒಳಗೆ ಹೋಗುವ, ಹೊರಗೆ ಬರುವ ಪ್ರತಿಯೊಂದನ್ನೂ ತೂಗುತ್ತಾಳೆ, ನಾನು ಒಯ್ಯುವುದನ್ನು ಬಿಟ್ಟು. ಇಟ್ಟಿಗೆಯನ್ನು ತಟ್ಟಿ ನೋಡಿ, "ಚೆನ್ನಾಗಿ ಬಂದಿದೆ ಅಣ್ಣಾ" ಎಂದಳು. ಆಮೇಲೆ, "ಈ ಸಲ ಮೈಲುತುತ್ತ ನನ್ನ ಹತ್ರ ತೂಕ ಹಾಕಿಸ್ಕೊಂಡೇ ಒಯ್ಯಿರಿ."

"ನನ್ನ ನಾಲಿಗೇನೇ ತಕ್ಕಡಿ ಕಣಮ್ಮಾ" ಎಂದೆ. ಅಭ್ಯಾಸಬಲ, ಬಾಯಿಗೆ ಬಂದುಬಿಟ್ಟಿತು.

ರುಚಿ: ಇಲ್ಲ.

ಫೆಬ್ರವರಿ 6

ಮುಗಿಯಿತು! ನಲವತ್ತು ಇಟ್ಟಿಗೆ, ಒಂದೂ ಬಿರುಕಿಲ್ಲ. ಮಿಶ್ರಣ ಮಾಡುವಾಗ ಕೋಣೆಯ ಬಾಗಿಲಲ್ಲಿ ಏಳೆಂಟು ಜನ ನಿಂತಿದ್ದರು. ಯಜಮಾನರೂ ಬಂದರು. ಎಲ್ಲರೂ ನೋಡುತ್ತಿದ್ದಾರಲ್ಲ, ಎಂದಿನಂತೆ ಮೈಲುತುತ್ತವನ್ನು ಮೊಗೆದು ಹಾಕಿದೆ, ಚಿಟಿಕೆ ತೆಗೆದೆ, ನಾಲಿಗೆಗೆ ಸೋಕಿಸಿದೆ, ಉಗುಳಿದೆ. ತಲೆ ಅಲ್ಲಾಡಿಸಿ, "ಇನ್ನೂ ಒಗರು ಬರ್ಬೇಕು" ಎಂದು ಮತ್ತೆ ಮೊಗೆದೆ. ಕೈ ಅಂದಾಜು ತಪ್ಪುವುದಿಲ್ಲ. ಕೊನೆಗೆ "ಬಂತು" ಎಂದಾಗ ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ತಿಳಿ ನೀಲಿ ಬಣ್ಣದ ಇಟ್ಟಿಗೆಗಳು ಸಾಲಾಗಿ ಒಣಗುತ್ತಿವೆ. ಇಂಥ ಕೆಲಸ ನನ್ನ ಕೈಯಿಂದ ಇನ್ನೊಂದು ಆಗಿಲ್ಲ.

ರುಚಿ: ಇಲ್ಲ. ಪರವಾಗಿಲ್ಲ.

ಫೆಬ್ರವರಿ 12

ಕಾಡಿಗೆ ಹೊತ್ತೆವು. ಮೈಯೆಲ್ಲ ನೋವು, ಆದರೂ ಬರೆಯಲೇಬೇಕು.

ಜೀಪು ಅರ್ಧ ದಾರಿಯವರೆಗೆ ಮಾತ್ರ ಹೋಗುತ್ತದೆ. ಮುಂದಕ್ಕೆ ಬೆನ್ನೇ ಗತಿ. ಹೆಂಡತಿ ಮಿಲ್ಲಿನ ಗೋಣಿಯಿಂದ ಬೆನ್ನುಚೀಲ ಹೊಲಿದುಕೊಟ್ಟಿದ್ದಳು, ಒಂದೊಂದರಲ್ಲಿ ಎರಡೆರಡು ಇಟ್ಟಿಗೆ ಕೂರುವ ಹಾಗೆ, ಹೆಗಲಿಗೆ ಹಳೆಯ ಕಂಬಳಿಯ ಮೆತ್ತೆ ಇಟ್ಟು. ಡಾಕ್ಟರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಹೊಲಿದೋರು ಯಾರು?" ಎಂದು ಕೇಳಿದರು. ನಾನು ಹೇಳಿದೆ. ಬೀಗಿದೆ ಕೂಡ.

ಕಾಡಿನ ಕಾವಲುಗಾರ ದಾರಿ ತೋರಿಸಿದ. ಅರವತ್ತು ದಾಟಿದ ಮನುಷ್ಯ, ಬಡಕಲು, ಮಾತು ಕಡಿಮೆ. ಜಿಂಕೆಗಳು ಓಡಾಡುವ ಜಾಗವೆಲ್ಲ ಅವನಿಗೆ ಅಂಗೈಯಲ್ಲಿದ್ದಂತೆ. ಎಂಟು ಕಡೆ, ಒಂದೊಂದು ಕಡೆ ಐದು, ಅದೂ ದೂರದೂರ. ಒಂದೇ ಕಡೆ ಇಟ್ಟರೆ ಹಿಂಡೆಲ್ಲ ಮುಗಿಬಿದ್ದು ಒಂದರ ಕಾಯಿಲೆ ಇನ್ನೊಂದಕ್ಕೆ ಹರಡುತ್ತದಂತೆ. ಮರದ ಬೊಡ್ಡೆಗಳ ಮೇಲೆ, ಚಪ್ಪಟೆ ಬಂಡೆಗಳ ಮೇಲೆ ಇಟ್ಟು ಬಂದೆವು. ಕೊನೆಯ ಜಾಗ ಹಳ್ಳದ ಪಕ್ಕ. ಅಲ್ಲಿಂದ ಕೆಳಗೆ ಆ ದೊಡ್ಡ ರಸ್ತೆ ಕಾಣುತ್ತದೆ, ಲಾರಿಗಳು ಇರುವೆಗಳ ಹಾಗೆ.

ಇನ್ನು ಜಿಂಕೆಗಳು ಅಲ್ಲಿಗೆ ಇಳಿಯಬೇಕಾಗಿಲ್ಲ ಅಂದುಕೊಂಡೆ. ಅದೂ ನನ್ನಿಂದ.

ಫೆಬ್ರವರಿ 15

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ತಿಂಗಳ ನಡುವಿನ ದಿನ ಉಗ್ರಾಣದಲ್ಲಿರುವುದನ್ನೆಲ್ಲ ತೂಗಿ ನೋಡುವುದು ರೂಢಿ. ಊಟದ ಹೊತ್ತಿಗೆ ತೂಕದಾಕೆ ಮಿಶ್ರಣದ ಕೋಣೆಗೆ ಬಂದಳು. ಬಾಗಿಲು ಹಾಕಿದಳು.

"ಅಣ್ಣಾ, ಮೈಲುತುತ್ತದ ಮೂಟೆ ಜಿಂಕೆ ಇಟ್ಟಿಗೆಗೆ ಅಂತಾನೇ ಬಿಚ್ಚಿದ್ದು. ಇಪ್ಪತ್ತೈದು ಕಿಲೋ ಇತ್ತು. ಬೇರೆ ಯಾರೂ ಮುಟ್ಟಿಲ್ಲ."

"ಹೌದು."

"ಈಗ ಇಪ್ಪತ್ತೊಂದಿದೆ."

ನಾಲ್ಕು ಕಿಲೋ. ಒಂದು ಕಿಲೋ ಇನ್ನೂರು ಗ್ರಾಂ ಹಾಕಬೇಕಾದಲ್ಲಿ ನಾಲ್ಕು ಕಿಲೋ.

"ನಿಮ್ಮ ತಕ್ಕಡಿ ಕೆಟ್ಟಿರ್ಬೇಕು" ಎಂದೆ. ಹೇಳುವಾಗಲೇ ನನಗೆ ನಾಚಿಕೆಯಾಯಿತು.

"ಮೂರು ಸಲ ತೂಗಿದೆ. ಬೇರೆ ತಕ್ಕಡೀಲೂ ತೂಗಿದೆ. ಯಾರಿಗೂ ಹೇಳೋಕೆ ಮುಂಚೆ ನಿಮ್ಮ ಹತ್ರ ಬಂದೆ." ಆಮೇಲೆ ದನಿ ಏರಿತು. "ಅವು ಬಸುರಿ ಪ್ರಾಣಿಗಳು ಅಣ್ಣಾ! ನಿಮ್ಮ ಮಾನ ನೋಡ್ಕೊಂಡು ಕೂತ್ಕೊಳ್ಳೋ ಹೊತ್ತಲ್ಲ ಇದು!"

ನನಗಿಂತ ಹದಿನೈದು ವರ್ಷ ಚಿಕ್ಕವಳು ಕೂಗಿದಳು, ನಾನು ಕೇಳಿಸಿಕೊಂಡೆ. ಅಲ್ಲೇ ನಿಂತು ಡಾಕ್ಟರಮ್ಮನಿಗೆ ಫೋನು ಮಾಡಿದೆ. ರುಚಿ ಹೋಗಿದ್ದು, ಹೇಳದೆ ಮುಚ್ಚಿಟ್ಟಿದ್ದು, ಅಂದಾಜಿನಲ್ಲಿ ಹಾಕಿದ್ದು. ತೂಕದಾಕೆ ಎದುರಿಗೇ ಇದ್ದಳು, ಅವಳಿಗೂ ಆಗಲೇ ತಿಳಿದದ್ದು.

"ಬೆಳಕು ಹರಿಯೋ ಹೊತ್ತಿಗೆ ಬನ್ನಿ. ನಲವತ್ತೂ ಕೆಳಗಿಳಿಸ್ಬೇಕು" ಎಂದರು.

ಫೆಬ್ರವರಿ 16

ಡಾಕ್ಟರಮ್ಮ, ಕಾವಲುಗಾರ, ನಾನು, ತೂಕದಾಕೆ. ಅವಳನ್ನು ಯಾರೂ ಕರೆದಿರಲಿಲ್ಲ. ಜೀಪಿನ ಹತ್ತಿರ ಬೆನ್ನುಚೀಲ ಹಾಕಿಕೊಂಡು ನಿಂತಿದ್ದಳು. "ಎಣಿಸೋಕೆ ಒಬ್ರು ಬೇಕಲ್ಲ" ಎಂದಳು.

ದಾರಿಯುದ್ದಕ್ಕೂ ನನ್ನ ಕಣ್ಣು ಪೊದೆಗಳ ಬುಡದಲ್ಲೇ. ಎಲ್ಲಾದರೂ ಕಂದು ಮೈ ಕಂಡರೆ, ಎಲ್ಲಾದರೂ ನೊಣ ಕಂಡರೆ ಎಂದು. ಏನೂ ಕಾಣಲಿಲ್ಲ. ಮೊದಲ ಜಾಗ: ಐದಕ್ಕೆ ಐದು. ಎರಡನೆಯದು: ಐದು. ಪ್ರತಿ ಸಲವೂ ಅವಳು ಗಟ್ಟಿಯಾಗಿ ಎಣಿಸುತ್ತಿದ್ದಳು, ಉಗ್ರಾಣದಲ್ಲಿ ಎಣಿಸುವ ದನಿಯಲ್ಲೇ. ಏಳು ಜಾಗ ಮುಗಿದಾಗ ಮೂವತ್ತೈದು. ಎಂಟನೆಯದು, ಹಳ್ಳದ ಪಕ್ಕದ್ದು: ನಾಲ್ಕು.

ಬಂಡೆಯ ಸುತ್ತ ನೆಲವನ್ನು ಹಂದಿಗಳು ಉತ್ತ ಹಾಗೆ ಕೆದಕಿದ್ದವು. ಉರುಳಿಸಿವೆ ಎಂದ ಕಾವಲುಗಾರ. ಉರುಳಿದರೆ ಎಲ್ಲಿಗೆ? ಕೆಳಗೆ ಹಳ್ಳ. ಹಳ್ಳದ ಕೆಳಗೆ ಮಡು. ಬೇಸಿಗೆ ಬರುವ ಮುಂಚೆ ಇಡೀ ಹಿಂಡು ನೀರು ಕುಡಿಯುವುದು ಆ ಮಡುವಿನಲ್ಲಿ. ಇಟ್ಟಿಗೆ ಅದರಲ್ಲಿ ಕರಗಿದರೆ...

ಸೂರ್ಯ ಇಳಿಯುವವರೆಗೆ ಹುಡುಕಿದೆವು. ಸಿಗಲಿಲ್ಲ. ನಾಳೆ ಮತ್ತೆ.

ಮನೆಗೆ ಬಂದಾಗ ಹೆಂಡತಿ ಬಿಸಿನೀರು ಕಾಯಿಸಿಟ್ಟಿದ್ದಳು. "ನಾನು ಹೇಳಿರಲಿಲ್ವಾ" ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತು.

ಫೆಬ್ರವರಿ 17

ಸಿಕ್ಕಿತು. ಮಡುವಿನ ಮೇಲ್ದಂಡೆಯಲ್ಲಿ, ನೀರಿಗೆ ಒಂದು ಮೊಳ ಬಾಕಿ ಇರುವಲ್ಲಿ, ಬೇರುಗಳ ನಡುವೆ ಸಿಕ್ಕಿಕೊಂಡಿತ್ತು. ಮೇಲಿನಿಂದ ಕೈಗೆ ಎಟುಕದು. ನಾನೇ ನೀರಿಗಿಳಿದೆ. ಕಾವಲುಗಾರ ಬೇಡವೆಂದ, ತಾನು ಇಳಿಯುತ್ತೇನೆಂದ. ಬಿಡಲಿಲ್ಲ. ಎದೆಮಟ್ಟ ನೀರು, ಮೂಳೆ ಮುರಿಯುವ ಚಳಿ. ಇಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಂದೆ. ಒಂದು ಹನಿ ನೀರು ತಾಗಗೊಡಲಿಲ್ಲ.

ದಡದಲ್ಲಿ ತೂಕದಾಕೆ, "ನಲವತ್ತು" ಎಂದಳು. ಅಷ್ಟೇ ಹೇಳಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಡಾಕ್ಟರಮ್ಮ ಇಟ್ಟಿಗೆಗಳನ್ನೆಲ್ಲ ಸಾಲಾಗಿಟ್ಟು ಒಂದೊಂದನ್ನೇ ತಿರುಗಿಸಿ ನೋಡಿದರು. ಯಾವುದರಲ್ಲೂ ನೆಕ್ಕಿದ ಗುಳಿಯಿಲ್ಲ. ಎರಡರ ಅಂಚಿನಲ್ಲಿ ಒಂದೊಂದು ಗೆರೆ, ನಾಲಿಗೆ ಒಮ್ಮೆ ಎಳೆದು ಬಿಟ್ಟ ಹಾಗೆ. ಸುತ್ತ ಗೊರಸಿನ ಗುರುತು ಬೇಕಾದಷ್ಟಿತ್ತು.

"ಬಂದಿದಾವೆ, ಮೂಸಿದಾವೆ, ಬಿಟ್ಟು ಹೋಗಿದಾವೆ" ಎಂದರು. "ಹೊಸ ವಸ್ತು ಅಂದ್ರೆ ಅವಕ್ಕೆ ಅನುಮಾನ. ಜೊತೆಗೆ ಕಹಿ ಬೇರೆ."

ಯಾವುದೋ ಒಂದು ಜಿಂಕೆ ನನ್ನ ಇಟ್ಟಿಗೆಗೆ ನಾಲಿಗೆ ಸೋಕಿಸಿ, ಇದು ಸರಿಯಿಲ್ಲ ಎಂದು ಹೊರಟುಹೋಗಿದೆ. ಎಂಥ ನಾಲಿಗೆ ಅದು! ಅದರ ಮುಂದೆ ನಾನು ಯಾವ ಲೆಕ್ಕ?

ಫೆಬ್ರವರಿ 19

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರ ಮುಂದೆ ನಿಂತು ಹೇಳಿದೆ. ಮೊದಲಿನಿಂದ ಕೊನೆಯವರೆಗೆ. ಮೂವತ್ತೊಂದು ವರ್ಷದಲ್ಲಿ ಅಷ್ಟು ಹೊತ್ತು ನಾನು ನಿಂತು ಮಾತಾಡಿದ್ದು ಅದೇ ಮೊದಲು. ಯಾರೂ ನಗಲಿಲ್ಲ. ಒಬ್ಬ ಮಾತ್ರ, ಮೂಟೆ ಹೊರುವವನು, "ಹಂಗಾದ್ರೆ ಜನವರೀಲಿ ನಾನು ಕೊಟ್ಟ ಮಿಠಾಯಿ?" ಎಂದು ಕೇಳಿದ. "ಮಣ್ಣಿನ ಹಾಗಿತ್ತು ಮಾರಾಯ" ಎಂದೆ. ಆಗ ಎಲ್ಲರೂ ನಕ್ಕರು.

ಯಜಮಾನರ ಕೋಣೆಗೆ ಹೋಗಿ ಕೆಲಸ ಬಿಡುತ್ತೇನೆಂದೆ. ಡಾಕ್ಟರಮ್ಮ ಅಲ್ಲೇ ಕೂತಿದ್ದರು.

"ಬಿಟ್ಟರೆ ನನಗೆ ನಲವತ್ತು ಇಟ್ಟಿಗೆ ಯಾರು ಕೊಡ್ತಾರೆ?" ಎಂದರು. "ನಲ್ಲಿ ಕೆಳಗೆ ಕರಗದಿರೋ ಇಟ್ಟಿಗೆ ಇನ್ನೆಲ್ಲೂ ಸಿಕ್ಕಿಲ್ಲ ನನಗೆ. ಹೊಸದಾಗಿ ಮಾಡಿ. ಆದ್ರೆ ಪ್ರತಿ ಚಿಟಿಕೇನೂ ತೂಕ ಆಗ್ಬೇಕು. ಪ್ರಯೋಗಾಲಯ ಸರಿ ಅನ್ನೋವರೆಗೂ ಒಂದು ಇಟ್ಟಿಗೇನೂ ಮಿಲ್ಲು ದಾಟಬಾರದು."

ಯಜಮಾನರು, "ನಾಲಿಗೆ ತಾನೇ ಹೋಗಿರೋದು? ತಲೆ ಇದೆಯಲ್ಲ. ಹೋಗಿ, ಕೆಲಸ ನೋಡಿ" ಎಂದರು.

ಒಪ್ಪಿಕೊಂಡೆ. ಒಂದು ಮಾತು ಮಾತ್ರ ಕೇಳಿಕೊಂಡೆ, ತೂಕದಾಕೆಯನ್ನು ಮಿಶ್ರಣದ ಕೋಣೆಗೆ ಹಾಕಿಕೊಡಿ ಎಂದು.

ಫೆಬ್ರವರಿ 25

ಇವತ್ತು ಮಾಡಿದೆವು. ಅವಳು ತೂಗಿದಳು, ನಾನು ಬೆರೆಸಿದೆ. ಮೈಲುತುತ್ತವನ್ನು ಒಂದೇ ಸಲ ಹಾಕಿದರೆ ಒಂದು ಇಟ್ಟಿಗೆಗೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಹೋಗಬಹುದು ಎಂದು ಅವಳಿಗೆ ಹೊಳೆಯಿತು. ಮೊದಲು ಹತ್ತು ಕಿಲೋ ಉಪ್ಪಿನಲ್ಲಿ ಬೆರೆಸಿ, ಆಮೇಲೆ ಆ ಉಪ್ಪನ್ನು ಉಳಿದದ್ದರಲ್ಲಿ ಬೆರೆಸೋಣ ಎಂದಳು. ಇಷ್ಟು ವರ್ಷ ನನಗೆ ಹೊಳೆಯಲಿಲ್ಲವಲ್ಲ! ನಾನು ಅವಳಿಗೆ ಅಂಗೈಯಲ್ಲಿ ಮುದ್ದೆ ಹಿಡಿದು ತೇವ ನೋಡುವುದನ್ನು ಕಲಿಸಿದೆ. ಬಿಗಿಹಿಡಿದು ಬಿಟ್ಟಾಗ ಬೆರಳ ಗುರುತು ನಿಲ್ಲಬೇಕು, ಅಂಗೈಗೆ ಅಂಟಬಾರದು. ಎರಡನೆಯ ಸಲಕ್ಕೇ ಕಲಿತಳು. ಕೈ ಚುರುಕು.

ನಡುವೆ ಒಮ್ಮೆ ಅಭ್ಯಾಸಬಲದಿಂದ ಚಿಟಿಕೆ ಬಾಯಿಯ ಹತ್ತಿರ ಒಯ್ದೆ. ಕೈ ಮೇಲೆ ಪಟ್ಟೆಂದು ಹೊಡೆದಳು.

"ವಿಷ ನೆಕ್ಕೋದು ಬಿಟ್ಟುಬಿಡಿ ಅಣ್ಣಾ, ಇನ್ನು ಮೇಲೆ."

ನಲವತ್ತು ಇಟ್ಟಿಗೆ, ತೂಕ ಒಂದೇ ಸಮ.

ಮಾರ್ಚ್ 3

ಪ್ರಯೋಗಾಲಯದ ವರದಿ ಬಂತು. ತಾಮ್ರ, ರಂಜಕ, ಸುಣ್ಣ, ಸತು, ಉಪ್ಪು, ಎಲ್ಲವೂ ಕಾಗದದಲ್ಲಿದ್ದ ಹಾಗೇ. ಮೂರು ಬೇರೆ ಬೇರೆ ಇಟ್ಟಿಗೆಯಿಂದ ಚೂರು ತೆಗೆದು ನೋಡಿದ್ದಾರೆ, ಮೂರರಲ್ಲೂ ಒಂದೇ ಅಂಕಿ. ವರದಿಯನ್ನು ಮಿಶ್ರಣದ ಕೋಣೆಯ ಗೋಡೆಗೆ ಅಂಟಿಸಿದೆವು. ಮಧ್ಯಾಹ್ನ ಕಾಡಿಗೆ ಹೊತ್ತೆವು. ಬೆನ್ನುಚೀಲಗಳನ್ನು ಹೆಂಡತಿ ಒಗೆದು ಕೊಟ್ಟಿದ್ದಳು. ಹಳ್ಳದ ಪಕ್ಕದ ಜಾಗ ಬಿಟ್ಟು, ಕಾವಲುಗಾರ ಎತ್ತರದಲ್ಲಿ ಬೇರೆ ಜಾಗ ಹುಡುಕಿಟ್ಟಿದ್ದ.

ಮಾರ್ಚ್ 11

ಕಾವಲುಗಾರನ ಫೋನು. ಯಾವುದೂ ಮುಟ್ಟಿಲ್ಲ.

ಮಾರ್ಚ್ 16

ಮುಟ್ಟಿಲ್ಲ. ತೂಕದಾಕೆ ದಿನಕ್ಕೆ ನಾಲ್ಕು ಸಲ "ಫೋನು ಬಂತಾ?" ಎನ್ನುತ್ತಾಳೆ. ಬಂದರೆ ನಾನು ಹೇಳುವುದಿಲ್ಲವೇ?

ಮಾರ್ಚ್ 19

ರಸ್ತೆಯಲ್ಲಿ ಒಂದು ತಾಯಿ ಜಿಂಕೆ. ಗಬ್ಬವಾಗಿದ್ದದ್ದು. ಡಾಕ್ಟರಮ್ಮ ಫೋನಿನಲ್ಲಿ ಇಷ್ಟೇ ಹೇಳಿದರು. ಬೇರೆ ಏನೂ ಬರೆಯಲಾರೆ.

ಮಾರ್ಚ್ 23

ನೆಕ್ಕಿವೆ!

ಮೊನ್ನೆ ತೂಕದಾಕೆಗೆ ಒಂದು ಯೋಚನೆ ಬಂದಿತ್ತು. ಅವು ಕಂಡು ಕೇಳಿದ್ದು ಆಚೆ ಗುಡ್ಡದ ಮಣ್ಣನ್ನು, ನಮ್ಮ ಇಟ್ಟಿಗೆಯ ಮೇಲೆ ಅದೇ ಮಣ್ಣು ಸವರಿದರೆ ಎಂದು. ಡಾಕ್ಟರಮ್ಮ ಒಂದು ಗಳಿಗೆ ಯೋಚಿಸಿ, ಸರಿ ಎಂದರು. ಕಾವಲುಗಾರ ರಸ್ತೆಯ ಆಚೆಯಿಂದ ಒಂದು ಮೂಟೆ ಉಪ್ಪುಮಣ್ಣು ಹೊತ್ತು ತಂದ. ನಾವು ಅದನ್ನು ನೀರಿನಲ್ಲಿ ಕಲಸಿ ನಲವತ್ತಕ್ಕೂ ಬಳಿದು ಬಂದೆವು, ಗೋಡೆಗೆ ಸುಣ್ಣ ಬಳಿದ ಹಾಗೆ.

ಇವತ್ತು ಮರಕ್ಕೆ ಕಟ್ಟಿದ ಕ್ಯಾಮೆರಾದ ಚಿತ್ರಗಳನ್ನು ಡಾಕ್ಟರಮ್ಮ ಮಿಲ್ಲಿಗೇ ತಂದು ತೋರಿಸಿದರು. ಮೊದಲು ಒಂದು ಮುದಿ ತಾಯಿ, ಕಿವಿ ಹರಿದದ್ದು. ಕತ್ತು ಚಾಚಿ ಮೂಸುತ್ತದೆ. ಮುಂದಿನ ಚಿತ್ರದಲ್ಲಿ ನಾಲಿಗೆ ಹೊರಗಿದೆ. ಅದರ ಮುಂದಿನದರಲ್ಲಿ ಕಣ್ಣು ಅರ್ಧ ಮುಚ್ಚಿದೆ. ಅದರ ಹಿಂದೆ ಇನ್ನೂ ಮೂರು. ಮಿಲ್ಲೆಲ್ಲ ಕೆಲಸ ಬಿಟ್ಟು ಬಂದು ನೋಡಿತು. ಯಜಮಾನರು ತಾವೇ ಎಲ್ಲರಿಗೂ ಚಹಾ ತರಿಸಿದರು. ನಾನು ಮೂಟೆ ಹೊರುವವನಿಗೆ ಹೇಳಿದೆ, ಮಣ್ಣು ಬಳಿಯುವ ಯೋಚನೆ ಇವಳದು, ತೂಕವೂ ಇವಳದೇ ಎಂದು. ಅವನಿಗೆ ಸರಿಯಾಗಿ ಕೇಳಿಸಲಿಲ್ಲ ಅನ್ನಿಸಿ ಮತ್ತೆ ಹೇಳಿದೆ.

ಏಪ್ರಿಲ್ 20

ನಲವತ್ತರಲ್ಲಿ ಹದಿನೇಳು ಇಟ್ಟಿಗೆಯ ನಡುವೆ ಬಟ್ಟಲಿನಂಥ ಗುಳಿ ಬಿದ್ದಿದೆ. ಎಲ್ಲಿ ಎಷ್ಟು ಸವೆದಿದೆ ಎಂದು ಕಾವಲುಗಾರ ದಾರ ಹಿಡಿದು ಅಳೆದು ಹೇಳುತ್ತಾನೆ, ನಾವು ಗೋಡೆಯ ಕಾಗದದಲ್ಲಿ ಬರೆದುಕೊಳ್ಳುತ್ತೇವೆ. ಮಾರ್ಚ್ ಕೊನೆಯಿಂದ ಈಚೆಗೆ ರಸ್ತೆಯಲ್ಲಿ ಒಂದೂ ಸತ್ತಿಲ್ಲ.

ಮೇ 8

ಹೊಸ ಇಪ್ಪತ್ತು ಇಟ್ಟಿಗೆ ಕಳಿಸಿದೆವು. ನನಗೆ ಸೊಂಟ ಹಿಡಿದಿತ್ತು, ಬೆರೆಸಿದ್ದು ಒತ್ತಿದ್ದು ಎಲ್ಲ ಅವಳೇ. ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಒಂದು ಮಾತು ಹೇಳಬೇಕಾಗಿ ಬರಲಿಲ್ಲ. ಎಂಥ ಅಚ್ಚುಕಟ್ಟು! ಮನೆಗೆ ಬಂದು ಹೆಂಡತಿಗೆ ಅದನ್ನೇ ಹೇಳುತ್ತಿದ್ದೆ. "ನಾಲ್ಕನೇ ಸಲ ಹೇಳ್ತಿದೀರಿ" ಎಂದಳು.

ಗಂಟಲಿನ ಡಾಕ್ಟರ ಹತ್ತಿರ ಹೋಗುವ ದಿನ ನಿನ್ನೆಯೇ ಇತ್ತಂತೆ. ಮರೆತೇ ಹೋಗಿತ್ತು.

ಜೂನ್ 14

ಮರಿ ಎಣಿಸಲು ಹೋಗಿದ್ದೆವು. ಡಾಕ್ಟರಮ್ಮ ಕರೆದಿದ್ದರು. ಹೆಂಡತಿಯೂ ಬಂದಳು, ಬೆನ್ನುಚೀಲ ಹೊಲಿದವರು ನೋಡದಿದ್ದರೆ ಹೇಗೆ ಎಂದು ಅವರೇ ಒತ್ತಾಯ ಮಾಡಿದ್ದರು. ಸೊಪ್ಪು ಮರೆಮಾಡಿ ಕಟ್ಟಿದ ಅಟ್ಟಣಿಗೆಯ ಮೇಲೆ ಐದು ಜನ, ಮುಂಜಾನೆಯಿಂದ ಪಿಸುಮಾತೂ ಇಲ್ಲ. ತೂಕದಾಕೆಯ ಕೈಯಲ್ಲಿ ಎಣಿಸುವ ಕಾಗದ.

ಬಿಸಿಲು ಹುಲ್ಲಿಗೆ ಬೀಳುವ ಹೊತ್ತಿಗೆ ಬಂದವು. ಮೊದಲು ತಾಯಿಗಳು, ಕಿವಿ ಆಡಿಸುತ್ತ. ಹಿಂದೆ ಮರಿಗಳು. ಬೆನ್ನ ಮೇಲೆ ಚುಕ್ಕಿ, ಕಡ್ಡಿಯಂಥ ಕಾಲು. ನನಗೆ ಉಸಿರಾಡಲೂ ಭಯ. ಕಣ್ಣು ಹಿಂಗಾಲುಗಳ ಮೇಲೇ. ಒಂದು ಮರಿ ಬಿದ್ದ ಮರದ ದಿಮ್ಮಿಯ ಮುಂದೆ ಬಂದು ನಿಂತಿತು. ತಾಯಿ ಆಗಲೇ ದಾಟಿತ್ತು. ಮರಿ ಒಮ್ಮೆ ಆಚೆ ನೋಡಿತು, ಈಚೆ ನೋಡಿತು. ಹೆಂಡತಿ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. ಮರಿ ಹಿಂಗಾಲು ಮಡಚಿ, ಚಿಮ್ಮಿ, ದಿಮ್ಮಿಯ ಮೇಲೆ ಹಾರಿ ಆಚೆ ಇಳಿಯಿತು. ಇಳಿದು ನಿಲ್ಲಲಿಲ್ಲ, ಸುಮ್ಮನೆ ಖುಷಿಗೆ ತಿರುಗಿ ಬಂದು ಮತ್ತೆ ಹಾರಿತು.

ಕಾವಲುಗಾರ ಟೋಪಿ ತೆಗೆದು ಮುಖ ಮುಚ್ಚಿಕೊಂಡ.

ಮೂರು ಬಯಲು ಸುತ್ತಿ ಮಧ್ಯಾಹ್ನಕ್ಕೆ ಎಣಿಕೆ ಮುಗಿಯಿತು. ಇಪ್ಪತ್ತಾರು ಮರಿ. ಇಪ್ಪತ್ತೈದು ಓಡುತ್ತವೆ. ಒಂದು ವಾಲುತ್ತದೆ, ಆದರೆ ಎದ್ದು ನಿಲ್ಲುತ್ತದೆ, ತಾಯಿಯ ಹಿಂದೆ ನಡೆಯುತ್ತದೆ. ಆ ಒಂದರ ಬಗ್ಗೆಯೇ ನಾವು ದಾರಿಯುದ್ದಕ್ಕೂ ಮಾತಾಡಿದೆವು, ಮುಂದಿನ ವರ್ಷ ಜನವರಿಯಲ್ಲೇ ಇಡಬೇಕು, ಆ ಬದಿಗೆ ಇನ್ನೂ ಎರಡು ಜಾಗ ಬೇಕು ಎಂದು.

ಇಳಿದ ಮೇಲೆ ಡಾಕ್ಟರಮ್ಮ ಜೀಪಿನ ಮುಂದೆ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದರು. ಇಲಾಖೆಯ ವರದಿಗೆ ಬೇಕಂತೆ. "ಮೇಸ್ತ್ರಿ, ಮುಂದೆ ಬನ್ನಿ, ನಡುವೆ ನಿಲ್ಲಿ" ಎಂದರು. ತೂಕದಾಕೆಯನ್ನು ನಡುವೆ ನಿಲ್ಲಿಸಿ ನಾನು ಅವಳ ಹಿಂದೆ ಹೋದೆ. ಎತ್ತರದವರು ಹಿಂದೆ ನಿಲ್ಲುವುದೇ ಸರಿ ಎಂದೆ.

ಹೆಂಡತಿ ಹಿಂದಿರುಗಿ ನೋಡಿದಳು. "ನೀವ್ಯಾವಾಗ ಎತ್ತರ ಆದ್ರಿ?"

ತುದಿಗಾಲ ಮೇಲೆ ನಿಂತಿದ್ದೆ. ಫೋಟೋದಲ್ಲಿ ಅದು ಕಾಣುವುದಿಲ್ಲ.